ಕೋಹಾ, ಸ್ಲಿಮ್ಸ್: ಕನ್ನಡ ಪುಸ್ತಕ ಹುಡುಕಿಕೊಡುವುದರಲ್ಲಿ ಯಾವುದು ಮೇಲು?

ತುಮಕೂರು ಕಡೆಯ ಪದವಿ ಕಾಲೇಜಿನ ಲೈಬ್ರರಿಗೆ ಯಾವ ಸಾಫ್ಟ್‌ವೇರ್ ಹಾಕಿಸೋಣ ಎಂದು ಯಾರು ಕೇಳಿದರೂ ನನ್ನ ಉತ್ತರ ಕೋಹಾ ಎಂಬ ಮುಕ್ತ ತಂತ್ರಾಂಶ. ಇಶ್ಯೂ, ರಿಟರ್ನ್, ದಂಡ, ಬಾರ್‌ಕೋಡ್ ಎಲ್ಲದರಲ್ಲೂ ಇವೆ. ಅವನ್ನು ಎದುರುಬದುರು ಇಟ್ಟು ನೋಡುವುದರಲ್ಲಿ ಹುರುಳಿಲ್ಲ. ಕಪಾಟಿನ ಅರ್ಧಕ್ಕಿಂತ ಹೆಚ್ಚು ಕನ್ನಡ ಪುಸ್ತಕವೇ ಆಗಿರುವಲ್ಲಿ ನೋಡಬೇಕಾದ್ದು ಒಂದು: ಓದುಗರು ಹುಡುಕುವ ಪುಟವಾದ ಓಪ್ಯಾಕ್‌ನಲ್ಲಿ ‘ಕೆರೆ’ ಎಂದು ಟೈಪ್ ಮಾಡಿದರೆ ಕೆರೆಯ ಪುಸ್ತಕವೇ ಬರುತ್ತದೋ ಇಲ್ಲವೋ.

ಈ ಪರೀಕ್ಷೆಯಲ್ಲಿ ಮೊದಲ ದಿನ ಗೆಲ್ಲುವುದು ಮಾತ್ರ ಇಂಡೊನೇಷ್ಯಾದ ಸ್ಲಿಮ್ಸ್. ವಿಂಡೋಸ್ ಡೆಸ್ಕ್‌ಟಾಪಿಗೆ ಜ್ಯಾಂಪ್ (ವೆಬ್ ಸರ್ವರ್, ಡೇಟಾಬೇಸ್ ಒಟ್ಟಿಗೆ ಕೊಡುವ ಕಟ್ಟು) ಹಾಕಿ, ಸ್ಲಿಮ್ಸ್ ಫೋಲ್ಡರನ್ನು ಅದರ ಎಚ್‌ಟಿಡಾಕ್ಸ್‌ಗೆ ನಕಲಿಸಿ, ಖಾಲಿ ಡೇಟಾಬೇಸ್ ಒಂದನ್ನು ತೋರಿಸಿದರೆ ಆಯಿತು; ಕನ್ನಡ ಪದ ಅವತ್ತೇ ಸಿಗುತ್ತದೆ. ಕೋಹಾಗೆ ಡೆಬಿಯನ್ ಅಥವಾ ಉಬುಂಟು ಲಿನಕ್ಸ್ ಬೇಕು, ಟರ್ಮಿನಲ್ ಬಲ್ಲವರು ಬೇಕು. ಅಷ್ಟೆಲ್ಲ ಮಾಡಿ ಕನ್ನಡ ಪುಸ್ತಕ ಸೇರಿಸಿ ಹುಡುಕಿದರೆ ಬರುವುದು ಖಾಲಿ ಪುಟ. ಬಹಳ ಮಂದಿ ಕೋಹಾ ಬಿಡುವುದು ಇಲ್ಲೇ, ಬಿಡಬಾರದ್ದೂ ಇಲ್ಲೇ.

ತೊಂದರೆ ಇರುವುದು ಕೋಹಾದ ಒಳಗೆ ಹುಡುಕುವ ಕೆಲಸ ಮಾಡುವ ಜೀಬ್ರಾದಲ್ಲಿ. ಅದರ ಹಳೆಯ ಅಕ್ಷರಪಟ್ಟಿಗೆ ರೋಮನ್ ಲಿಪಿ ಗೊತ್ತು, ಕನ್ನಡ ಗೊತ್ತಿಲ್ಲ. ಜೀಬ್ರಾಡಿಬಿ ಫೋಲ್ಡರಿನ ಡೀಫಾಲ್ಟ್ ಡಾಟ್ ಐಡಿಎಕ್ಸ್ ಕಡತ ತೆರೆದು, ‘ಚಾರ್‌ಮ್ಯಾಪ್’ ಎಂದಿರುವ ಸಾಲುಗಳ ಜಾಗದಲ್ಲಿ ಯೂನಿಕೋಡ್ ಬಲ್ಲ ಐಸಿಯು ಚೈನ್ ಹಾಕಬೇಕು: ಪದಗಳಿಗೆ ವರ್ಡ್ಸ್-ಐಸಿಯು, ಪದಪುಂಜಗಳಿಗೆ ಫ್ರೇಸಸ್-ಐಸಿಯು. ಆಮೇಲೆ ಸಿಸ್ಟಂ ಪ್ರಿಫರೆನ್ಸ್‌ನಲ್ಲಿ ಐಸಿಯು ಆನ್, ಹತ್ತಿರದ ಕಾಗುಣಿತವನ್ನೂ ಹುಡುಕುವ ಕ್ವೆರಿಫಜಿ ಆಫ್. ಜೀಬ್ರಾ ರೀಸ್ಟಾರ್ಟ್ ಮಾಡಿ ಪೂರ್ತಿ ಇಂಡೆಕ್ಸ್ (ಹುಡುಕಾಟದ ಪದಸೂಚಿ) ಹೊಸದಾಗಿ ಕಟ್ಟಿಸಿದರೆ ಕನ್ನಡ ಸಿಗುತ್ತದೆ.

ಸಿಕ್ಕಿತೆಂದು ಅಲ್ಲಿಗೇ ನಿಲ್ಲಿಸಬೇಡಿ. ಐಸಿಯು ಕಡತದಲ್ಲಿ ‘ನಾನ್‌ಸ್ಪೇಸಿಂಗ್ ಮಾರ್ಕ್’ ತೆಗೆದುಹಾಕುವ ನಿಯಮ ಇದೆಯೇ ನೋಡಿ. ಫ್ರೆಂಚ್ ಅಕ್ಷರಗಳ ತಲೆಯ ಮೇಲಿನ ಚಿಹ್ನೆ ಅಳಿಸಲು ಅದು ಒಳ್ಳೆಯದೇ. ಆದರೆ ಯೂನಿಕೋಡ್ ಲೆಕ್ಕದಲ್ಲಿ ನಮ್ಮ ಗುಡಿಸು, ಎತ್ವ, ಔತ್ವ, ಅರ್ಧಾಕ್ಷರದ ಚಿಹ್ನೆ ಎಲ್ಲವೂ ಅದೇ ಗುಂಪಿಗೆ ಸೇರಿವೆ. ನಿಯಮ ಹಾಗೇ ಉಳಿದರೆ ಕೆರೆ, ಕರೆ, ಕರಿ, ಕರ ನಾಲ್ಕೂ ಇಂಡೆಕ್ಸ್‌ನಲ್ಲಿ ‘ಕರ’ ಆಗುತ್ತವೆ. ಕೆರೆ ಹುಡುಕಿದವನಿಗೆ ತೆರಿಗೆಯ ಪುಸ್ತಕವೂ ಬರುತ್ತದೆ. ಆ ಸಾಲು ತೆಗೆಯಿರಿ. ಅದರ ಬದಲು ಕಣ್ಣಿಗೆ ಕಾಣದ ಎರಡು ಅಕ್ಷರಗಳನ್ನು, ಅಂದರೆ ಝೀರೋ ವಿಡ್ತ್ ಜಾಯ್ನರ್ ಮತ್ತು ನಾನ್ ಜಾಯ್ನರ್‌ಗಳನ್ನು, ಅಳಿಸುವ ನಿಯಮ ಸೇರಿಸಿ. ‘ಅಯ್ಯಂಗಾರ್’ ಎಂಬುದರ ಕೊನೆಗೆ ಒಬ್ಬ ಟೈಪಿಸ್ಟ್ ನಾನ್ ಜಾಯ್ನರ್ ಹಾಕಿ, ಇನ್ನೊಬ್ಬ ಹಾಕದಿದ್ದರೆ ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ, ಯಂತ್ರಕ್ಕೆ ಬೇರೆ ಬೇರೆ. ಮಾಸ್ತಿಯವರ ಅರ್ಧ ಪುಸ್ತಕ ಸಿಕ್ಕಿ ಇನ್ನರ್ಧ ಸಿಗದೇ ಹೋಗುವುದು ಹೀಗೆ.

ಪ್ಯಾಕೇಜ್ ಅಪ್‌ಡೇಟ್ ಮಾಡುವಾಗ ಈ ಕಡತಗಳ ಹೊಸ ಪ್ರತಿ ಹಾಕಲೇ ಎಂದು ಡೆಬಿಯನ್ ಕೇಳುತ್ತದೆ. ‘ಎನ್’ ಒತ್ತಿ. ‘ವೈ’ ಒತ್ತಿದರೆ ಕನ್ನಡ ಹುಡುಕಾಟ ಮತ್ತೆ ಸುಮ್ಮನಾಗುತ್ತದೆ, ಯಾವ ಎರರ್ ಸಂದೇಶವೂ ಬರುವುದಿಲ್ಲ.

ಹಳೆಯ ಆಕ್ಸೆಷನ್ ಪಟ್ಟಿ (ಲೈಬ್ರರಿಗೆ ಬಂದ ಪುಸ್ತಕಗಳ ದಾಖಲೆ) ಯೂನಿಕೋಡ್ ಅಲ್ಲದ ನುಡಿ ಫಾಂಟಿನ ಎಕ್ಸೆಲ್‌ನಲ್ಲಿದ್ದರೆ ಯಾವ ಸಾಫ್ಟ್‌ವೇರ್ ಆದರೂ ಕಷ್ಟ ಒಂದೇ: ಅದನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಬೇಕು. ಇಂಗ್ಲಿಷ್ ಶೀರ್ಷಿಕೆಗಳನ್ನು ಮೊದಲೇ ಬೇರೆ ಕಾಲಮ್ಮಿಗೆ ಹಾಕಿ. ಇಲ್ಲದಿದ್ದರೆ ಕನ್ವರ್ಟರ್ ಅವನ್ನೂ ಅರ್ಥವಿಲ್ಲದ ಕನ್ನಡ ಮಾಡಿಬಿಡುತ್ತದೆ. ಪರಿವರ್ತನೆ ಆದಮೇಲೆ ಪಟ್ಟಿಯ ತಪ್ಪು ತಿದ್ದುವ ಸಾಧನ ಓಪನ್‌ರಿಫೈನ್‌ನಲ್ಲಿ ಎರಡು ತಪ್ಪು ಹುಡುಕಿ. ಅನುಸ್ವಾರದ ಜಾಗದಲ್ಲಿ ಅಂಕಿಯ ಸೊನ್ನೆ: ‘ಬೆ೦ಗಳೂರು’. ಅರ್ಕಾವತ್ತಿನ ಜಾಗದಲ್ಲಿ ಒಂಬತ್ತು: ‘ಕನಾ೯ಟಕ’. ಓದುವವರಿಗೆ ಗೊತ್ತೇ ಆಗದು, ಹುಡುಕಾಟಕ್ಕೆ ಇವು ಸಿಗವು. ನಂತರ ಮಾರ್ಕ್‌ಎಡಿಟ್‌ನಲ್ಲಿ ಮಾರ್ಕ್ ಕಡತ ಮಾಡಿ; ಲೈಬ್ರರಿ ದಾಖಲೆಗೆ ಎಲ್ಲೆಡೆ ಬಳಸುವ ಈ ನಮೂನೆಯಲ್ಲಿ ಪ್ರತಿ ವಿವರಕ್ಕೂ ಅಂಕಿಯ ಕ್ಷೇತ್ರವಿದೆ: ಶೀರ್ಷಿಕೆ 245ಕ್ಕೆ, ಅದರದೇ ರೋಮನ್ ರೂಪ 246ಕ್ಕೆ, ಪ್ರತಿಯ ವಿವರ 952ಕ್ಕೆ. 952ರ ಉಪಕ್ಷೇತ್ರಗಳಲ್ಲಿ ಪಿ ಬಾರ್‌ಕೋಡ್, ಒ ಕಾಲ್ ನಂಬರ್, ವೈ ಐಟಂ ಟೈಪ್. ಎ ಮತ್ತು ಬಿ ಎರಡರಲ್ಲೂ ಲೈಬ್ರರಿ ಕೋಡ್. ಕನ್ನಡ ಕೀಬೋರ್ಡ್ ಬಾರದ ಮಕ್ಕಳಿಗೆ ಆ 246 ದೊಡ್ಡ ಉಪಕಾರ.

ಇಲ್ಲಿಂದ ಮುಂದೆ ಸ್ಲಿಮ್ಸ್ ಹಿಂದೆ ಬೀಳುತ್ತದೆ. ಮಾರ್ಕ್ ಅದರ ಮೂಲ ವಿನ್ಯಾಸದಲ್ಲಿಲ್ಲ. ದಾಖಲೆಗಳು ಅದರದೇ ಟೇಬಲ್‌ಗಳಲ್ಲಿ ಕೂರುತ್ತವೆ, ನಾಳೆ ಬೇರೆ ಕಡೆ ಹೋಗಬೇಕೆಂದರೆ ಹೊಂದಿಸುವ ಕೆಲಸ ಮತ್ತೆ ಮೊದಲಿಂದ. ಒಬ್ಬ ಲೇಖಕರ ಹಲವು ಹೆಸರುಗಳನ್ನು ಕೂಡಿಸಿಡುವ ಕೋಹಾದ ಅಥಾರಿಟಿ ದಾಖಲೆಯಲ್ಲಿ ಗುಂಡಪ್ಪನವರ ಹೆಸರಿನ ಕೆಳಗೆ 400ರಲ್ಲಿ ‘ಡಿವಿಜಿ’, ಮಾಸ್ತಿಯವರಿಗೆ ‘ಶ್ರೀನಿವಾಸ’ ಎಂದು ಕೊಟ್ಟು, ಇನ್‌ಕ್ಲೂಡ್‌ಸೀಫ್ರಮ್ ಆಯ್ಕೆ ಆನ್ ಮಾಡಿ ಇಂಡೆಕ್ಸ್ ಕಟ್ಟಿಸಿದರೆ, ಯಾವ ಹೆಸರಲ್ಲಿ ಹುಡುಕಿದರೂ ಪುಸ್ತಕ ಬರುತ್ತದೆ. ಕೋಲಾರದ ಇಬ್ಬರು ಹಿರಿಯರಿಗೆ ಕ್ಯಾಟಲಾಗ್ ಇಷ್ಟಾದರೂ ಮಾಡಬೇಕು.

ಪುಸ್ತಕದ ಬೆನ್ನಿಗೆ ಅಂಟಿಸುವ ಸ್ಪೈನ್ ಲೇಬಲ್‌ನಲ್ಲಿ ಕೋಹಾ ಸೋಲುತ್ತದೆ, ಪಿಡಿಎಫ್‌ನಲ್ಲಿ ಒತ್ತಕ್ಷರ ಒಡೆಯುತ್ತವೆ. ಸಿಎಸ್‌ವಿ ತೆಗೆದು ಲಿಬ್ರೆಆಫೀಸ್ ಮೇಲ್ ಮರ್ಜ್‌ನಲ್ಲಿ ಮುದ್ರಿಸಿಕೊಳ್ಳಿ.

ಕರೆಂಟ್ ವಿಷಯ. ಕೆಲಸದ ನಡುವೆ ಹೋದರೆ ಕೋಹಾದ ಡೇಟಾಬೇಸ್ ಸಾಮಾನ್ಯವಾಗಿ ತಾನೇ ಸರಿಹೋಗುತ್ತದೆ, ಕೆಟ್ಟರೆ ಜೀಬ್ರಾ ಇಂಡೆಕ್ಸ್ ಕೆಡುತ್ತದೆ. ಮತ್ತೆ ಕಟ್ಟಿಸಿದರೆ ಸಾಕು. ಸ್ಲಿಮ್ಸ್‌ನ ಟೇಬಲ್‌ಗಳು ಮೈಐಸ್ಯಾಮ್ ಬಗೆಯವಾಗಿದ್ದರೆ ‘ಕ್ರ್ಯಾಶ್ಡ್’ ಎಂದು ನಿಂತುಬಿಡುತ್ತವೆ, ಪಿಎಚ್‌ಪಿಮೈಅಡ್ಮಿನ್‌ನಲ್ಲಿ ರಿಪೇರ್ ಕೊಡಬೇಕು. ಎರಡಕ್ಕೂ ಯುಪಿಎಸ್ ಬೇಕೇ ಬೇಕು.

ಎವರ್‌ಗ್ರೀನ್ ಹತ್ತಾರು ಲೈಬ್ರರಿಗಳ ಒಕ್ಕೂಟಕ್ಕೆ ಕಟ್ಟಿದ್ದು, ಒಂದು ಕಾಲೇಜಿಗೆ ಬೇಡ. ಹುಡುಕುವ ಪುಟವನ್ನಷ್ಟೇ ಕೊಡುವ ವ್ಯೂಫೈಂಡ್ ಚೆಂದ, ಆದರೆ ಕೋಹಾ ಜೊತೆಗೆ ಡಿಸ್ಪೇಸ್ ಎಂಬ ಡಿಜಿಟಲ್ ಭಂಡಾರವನ್ನೂ ಒಟ್ಟಿಗೆ ಹುಡುಕಬೇಕಾದಾಗ ಮಾತ್ರ. ಇ-ಗ್ರಂಥಾಲಯವನ್ನು ಕೇಂದ್ರ ಸರ್ಕಾರದ ಐಟಿ ಸಂಸ್ಥೆ ಎನ್‌ಐಸಿ ಸರ್ಕಾರಿ ಲೈಬ್ರರಿಗಳಿಗೆ ಉಚಿತವಾಗಿ ಕೊಡುತ್ತದೆ, ಮುಕ್ತ ತಂತ್ರಾಂಶವಲ್ಲ.

ನಾನು ದಿನವಿಡೀ ಟರ್ಮಿನಲ್‌ನಲ್ಲೇ ಇರುವವನು, ವರ್ಷಾವರ್ಷ ಎಎಂಸಿಗೆ (ವಾರ್ಷಿಕ ನಿರ್ವಹಣೆ ಒಪ್ಪಂದಕ್ಕೆ) ಹಣ ಎತ್ತಿಡಲಾಗದ ಲೈಬ್ರರಿಗಳನ್ನು ನೋಡಿಕೊಳ್ಳುವವನು. 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಇರುವ ಹಳೆಯ ಡೆಸ್ಕ್‌ಟಾಪಿಗೆ ಕೋಹಾ ಹಾಕಿ, ಉಳಿದ ದುಡ್ಡನ್ನು ಯುಪಿಎಸ್‌ಗೆ ಹಾಕುತ್ತೇನೆ. ಲಿನಕ್ಸ್ ಮುಟ್ಟುವವರು ಒಬ್ಬರೂ ಇಲ್ಲದ, ಪುಸ್ತಕವೂ ಕಡಿಮೆ ಇರುವ ಶಾಲೆಗಾದರೆ ಸ್ಲಿಮ್ಸ್ ಸಾಕು. ಕೋಹಾ ಹಾಕುವವರು ಒಂದು ಗಮನಿಸಿ: ಅದರ ದೈನಂದಿನ ಬ್ಯಾಕಪ್ ಯಂತ್ರ ಆನ್ ಇದ್ದಾಗಷ್ಟೇ ನಡೆಯುತ್ತದೆ, ಎರಡು ದಿನದ್ದು ಮಾತ್ರ ಉಳಿಯುತ್ತದೆ, ಅದೂ ಅದೇ ಡಿಸ್ಕಿನಲ್ಲಿ. ಸಂಜೆ ಸರ್ವರ್ ಆಫ್ ಮಾಡುವ ಕಾಲೇಜಾದರೆ ತಪ್ಪಿಹೋದ ಕೆಲಸವನ್ನು ಯಂತ್ರ ಆನ್ ಆದಮೇಲೆ ಮಾಡಿಸುವ ಅನಾಕ್ರಾನ್ ಹಾಕಿಕೊಳ್ಳಿ, ವಾರಕ್ಕೊಮ್ಮೆ ಪ್ರತಿಯನ್ನು ಬೇರೆ ಡಿಸ್ಕಿಗೆ ತೆಗೆದಿಡಿ.