ಸ್ಯಾಮ್‌ನಲ್ಲಿ ನೋಂದಣಿ ಮಾಡಿದ ಮರುದಿನ ಬರುವ ಫೋನ್ ನಂಬಬೇಡಿ

2,400 ಡಾಲರ್ ಕೊಟ್ಟೆ. ಒಂದು ಪೈಸೆ ಖರ್ಚಿಲ್ಲದೆ ಆಗುವ ಕೆಲಸಕ್ಕೆ! ಹೇಳಿಕೊಳ್ಳಲು ನಾಚಿಕೆಯಾಗುತ್ತಿದೆ. ಆದರೆ ಅಮೆರಿಕದ ಸೇನೆಯಲ್ಲಿದ್ದು, ಗಾಯಗೊಂಡು ಹೊರಬಂದ ಕನ್ನಡದವರು ನಾನೊಬ್ಬನೇ ಅಲ್ಲ. ಸಣ್ಣ ಕಂಪನಿ ಕಟ್ಟಿ ಸರ್ಕಾರಿ ಗುತ್ತಿಗೆ ಹಿಡಿಯೋಣ ಅಂತ ಹೊರಟವರು ಇದನ್ನು ಓದಲೇಬೇಕು. ಸ್ಯಾಮ್ ಅಂದರೆ ಆ ಗುತ್ತಿಗೆ ಬೇಕಾದವರು ಕಂಪನಿಯನ್ನು ನೋಂದಾಯಿಸುವ ಅಮೆರಿಕ ಸರ್ಕಾರದ ವೆಬ್‌ಸೈಟ್.

ನನ್ನ ಮಂಡಿ ಹೋಗಿದೆ. ವಿಎ, ಅಂದರೆ ವೆಟರನ್‌ಗಳ (ಮಾಜಿ ಸೈನಿಕರ) ಸರ್ಕಾರಿ ಇಲಾಖೆ, 30% ಅಂಗವೈಕಲ್ಯ ಅಂತ ಪತ್ರ ಕೊಟ್ಟಿದೆ. ಕಟ್ಟಡಗಳಿಗೆ ನೆಟ್‌ವರ್ಕ್ ಕೇಬಲ್ ಎಳೆಯುವ ಕಂಪನಿ ನಮ್ಮದು. 51% ನನ್ನದು, 49% ಹೆಂಡತಿಯದು. ಸ್ಯಾಮ್ ನೋಂದಣಿ ಮುಗಿದ ಮರುದಿನ ಬೆಳಿಗ್ಗೆಯೇ ಫೋನ್ ಬಂತು. "ನಿಮ್ಮ ವೆಟರನ್ ಸರ್ಟಿಫಿಕೇಶನ್ ಬಾಕಿ ಇದೆ. 72 ಗಂಟೆಯೊಳಗೆ ಮಾಡಿಸದಿದ್ದರೆ ನೋಂದಣಿ ರದ್ದಾಗುತ್ತದೆ." ಕಂಪನಿ ಹೆಸರು, ವಿಳಾಸ, ಯುಇಐ (ಸರ್ಕಾರ ಕಂಪನಿಗೆ ಕೊಡುವ ಗುರುತಿನ ಸಂಖ್ಯೆ) ಎಲ್ಲ ಸರಿಯಾಗಿ ಹೇಳಿದ. ಸರ್ಕಾರದವರೇ ಇರಬೇಕು ಅಂದುಕೊಂಡೆ. ಆ ವಿವರ ಸ್ಯಾಮ್‌ನಲ್ಲಿ ಯಾರು ಬೇಕಾದರೂ ನೋಡಬಹುದು ಅಂತ ಆಗ ಗೊತ್ತಿರಲಿಲ್ಲ. 2024ರಿಂದ ಅಂಗವಿಕಲ ವೆಟರನ್‌ಗಳ ಮೀಸಲು ಗುತ್ತಿಗೆಗೆ ನಾವೇ ಘೋಷಿಸಿಕೊಂಡರೆ ಸಾಲದು, ಸಣ್ಣ ಉದ್ಯಮಗಳ ಸರ್ಕಾರಿ ಸಂಸ್ಥೆ ಎಸ್‌ಬಿಎ ಕೊಡುವ ಸರ್ಟಿಫಿಕೇಟ್ ಬೇಕು. ಅದು ನಿಜ. ಆ ನಿಜವನ್ನು ಮುಂದಿಟ್ಟೇ ಅವನು ಹೆದರಿಸಿದ. "ಗ್ಯಾರಂಟಿ" ಅಂತ ಮೂರು ಸಲ ಅಂದ.

ಕಾರ್ಡ್ ನಂಬರ್ ಕೊಟ್ಟೆ. ಲಾಗಿನ್ ಕೊಟ್ಟೆ. ಫೋನಿಗೆ ಬಂದ ಆರು ಅಂಕಿಯ ಕೋಡನ್ನೂ ಓದಿ ಹೇಳಿದೆ. ಅವರೇ ಕಳಿಸಿದ ಆಪರೇಟಿಂಗ್ ಅಗ್ರಿಮೆಂಟಿಗೆ, ಅಂದರೆ ಕಂಪನಿಯನ್ನು ಯಾರು ಹೇಗೆ ನಡೆಸಬೇಕು ಅನ್ನುವ ಒಪ್ಪಂದಕ್ಕೆ, ನಾನೂ ಹೆಂಡತಿಯೂ ಸಹಿ ಹಾಕಿದೆವು. ಓದಲಿಲ್ಲ.

ಅರ್ಜಿ ತಿರಸ್ಕಾರವಾಯಿತು. ಊಟದ ಮೇಜಿನ ಮೇಲೆ ಆ ಅಗ್ರಿಮೆಂಟ್ ಬಿಡಿಸಿಕೊಂಡು ಹೆಂಡತಿ ಬೆರಳಿಟ್ಟು ತೋರಿಸಿದಳು. "ರೀ, ನಾನು ಒಪ್ಪದೆ ನೀವು ಯಾವ ತೀರ್ಮಾನವನ್ನೂ ಮಾಡುವಂತಿಲ್ಲ ಅಂತ ಇದೆಯಲ್ಲ ಇಲ್ಲಿ?" ಕಂಪನಿಯ ಹಿಡಿತ ವೆಟರನ್ ಕೈಯಲ್ಲೇ ಇರಬೇಕು ಅನ್ನೋದು ಈ ಸರ್ಟಿಫಿಕೇಟಿನ ಮೂಲ ನಿಯಮ. ಬರೀ 51% ಪಾಲಿದ್ದರೆ ಸಾಲದು. ಇದೇ ಕೆಲಸಕ್ಕೆ ದುಡ್ಡು ತೆಗೆದುಕೊಂಡವರಿಗೆ ಇಷ್ಟೂ ಗೊತ್ತಿಲ್ವಾ?

ಆಮೇಲೆ ಎಪೆಕ್ಸ್ ಆಕ್ಸಿಲರೇಟರ್ ಅನ್ನುವ, ಸರ್ಕಾರಿ ಗುತ್ತಿಗೆ ಬೇಕಾದ ಸಣ್ಣ ಕಂಪನಿಗಳಿಗೆ ನೆರವಾಗುವ ಕಚೇರಿಗೆ ಹೋದೆ. ಅಲ್ಲಿದ್ದ ಹೆಂಗಸು ಕಾಗದ ನೋಡಿ ಕೇಳಿದ್ದು ಒಂದೇ ಮಾತು. "ಇದಕ್ಕೆ ಶುಲ್ಕವೇ ಇಲ್ಲವಲ್ಲ, ಯಾರಿಗೆ ಕೊಟ್ಟಿರಿ?" ತಲೆ ಎತ್ತಲು ಆಗಲಿಲ್ಲ. ಸ್ಯಾಮ್ ಫ್ರೀ, ಯುಇಐ ಫ್ರೀ, ಸರ್ಟಿಫಿಕೇಶನ್ ಫ್ರೀ. ಎಲ್ಲ ಫ್ರೀ!

ದುಡ್ಡು ವಾಪಸ್ ಕೇಳಿದೆ. "ಅರ್ಜಿ ಸಲ್ಲಿಸುವ ಗ್ಯಾರಂಟಿ ಕೊಟ್ಟಿದ್ದೆವು, ಮಂಜೂರಾತಿಗಲ್ಲ" ಅಂತ ಉತ್ತರ. ಸರ್ಕಾರದವರ ಥರ ಯಾಕೆ ಮಾತಾಡಿದಿರಿ ಅಂದರೆ, "ನಾವು ಖಾಸಗಿ ಸಂಸ್ಥೆ ಅಂತ ಷರತ್ತುಗಳಲ್ಲಿ ಬರೆದಿದೆ." ಮೂರನೇ ಮೇಲ್‌ನಲ್ಲಿ, ಮತ್ತೆ ಸಲ್ಲಿಸಲು 900 ಡಾಲರ್ ಕೇಳಿದರು. ಕೊನೆಯ ಸಾಲು: "ದೇಶಕ್ಕೆ ನೀವು ಮಾಡಿದ ಸೇವೆಗೆ ಧನ್ಯವಾದ." ದುಡ್ಡು ಹೋದದ್ದಕ್ಕಿಂತ ಆ ಸಾಲು ಜಾಸ್ತಿ ಉರಿಸಿತು. ಈಗಲೂ ಉರಿಸುತ್ತಿದೆ.

ನೋಂದಣಿ, ಸರ್ಟಿಫಿಕೇಶನ್ ಅನ್ನುವ ವೆಬ್‌ಸೈಟಿನ ವಿಳಾಸ ಡಾಟ್ ಗವ್ (.gov) ಅಂತ ಮುಗಿಯದಿದ್ದರೆ ಮುಚ್ಚಿಬಿಡಿ. ಕೋಡ್ ಯಾರಿಗೂ ಹೇಳಬೇಡಿ. ಸಹಾಯ ಬೇಕಾದರೆ ಎಪೆಕ್ಸ್ ಅಥವಾ ವೆಟರನ್ಸ್ ಬಿಸಿನೆಸ್ ಔಟ್‌ರೀಚ್ ಸೆಂಟರ್‌ಗೆ ಹೋಗಿ, ದುಡ್ಡು ಕೇಳಲ್ಲ. ಗಂಡ ಹೆಂಡತಿ ಸೇರಿ ನಡೆಸುವ ಕಂಪನಿಯಾದರೆ ಅಗ್ರಿಮೆಂಟನ್ನು ಆ ಕಚೇರಿಯವರಿಗೆ ಮೊದಲು ತೋರಿಸಿ, ಆಮೇಲೆ ಸಹಿ ಹಾಕಿ.

ಪಾಸ್‌ವರ್ಡ್ ಬದಲಿಸಿದ್ದೇನೆ, ಕಾರ್ಡ್ ಬ್ಯಾಂಕಿಗೆ ದೂರು ಕೊಟ್ಟಿದ್ದೇನೆ. ಹೊಸ ಅಗ್ರಿಮೆಂಟ್ ತಯಾರಿದೆ, ಮತ್ತೆ ಅರ್ಜಿ ಹಾಕುವ ದಿನಕ್ಕೆ ಕಾಯುತ್ತಿದ್ದೇನೆ. ನಿನ್ನೆ ಬೇರೆ ನಂಬರಿನಿಂದ ಮತ್ತೆ ಫೋನ್ ಬಂತು. ಅದೇ 72 ಗಂಟೆ.