ಮುಳ್ಳು ಅಲ್ಲಾಡಿತು ಅಂತ ಹಳೇ ಲೈಟ್ ಮೀಟರ್ ಕೊಳ್ಳಬೇಡಿ

ಫಿಲ್ಮ್ ಕ್ಯಾಮೆರಾ ಇಟ್ಟುಕೊಂಡವರು ದಯವಿಟ್ಟು ಇದನ್ನು ಓದಿ. ನನ್ನ ಎರಡು ರೋಲ್ ಹಾಳಾದವು. ಅದರಲ್ಲಿ ನಮ್ಮ ಅಜ್ಜಿ ಇದ್ದರು.

ಮಾಟುಂಗಾದಲ್ಲಿ ತಂಗಿಯ ಮದುವೆ. ಅಜ್ಜಿ ಕುಂದಾಪುರದಿಂದ ಬಂದಿದ್ದರು. ಈ ವಯಸ್ಸಿನಲ್ಲಿ ಅವರು ಇನ್ನೊಮ್ಮೆ ಮುಂಬಯಿಗೆ ಬರುವುದು ಕಷ್ಟ. ಅದಕ್ಕೇ ಪೋರ್ಟ್ರಾ 400 ಫಿಲ್ಮ್ ತಂದಿಟ್ಟೆ. ನನ್ನ ಕ್ಯಾಮೆರಾದಲ್ಲಿ ಬೆಳಕು ಅಳೆಯುವ ಮೀಟರ್ ಇಲ್ಲ. ಫೋರ್ಟ್ ಕಡೆಯ ಒಂದು ಹಳೇ ಕ್ಯಾಮೆರಾ ಅಂಗಡಿಯಲ್ಲಿ ಗಾಸೆನ್ ಲೂನಾಸಿಕ್ಸ್ 3 ಅನ್ನುವ ಮೀಟರ್ ಸಿಕ್ಕಿತು.

ಅಂಗಡಿಯವರು ಬಾಗಿಲಿಗೆ ಬಂದು ಬಿಸಿಲಿಗೆ ಹಿಡಿದು ತೋರಿಸಿದರು. ಮುಳ್ಳು ಚುರುಕಾಗಿ ಎದ್ದಿತು. ಎಫ್ 16ಕ್ಕೆ (ಲೆನ್ಸಿನ ಕಂಡಿಯ ಅಳತೆ; ಅಂಕಿ ದೊಡ್ಡದಾದಷ್ಟೂ ಕಂಡಿ ಚಿಕ್ಕದು) 1/500 ಸೆಕೆಂಡಿನ ಆಸುಪಾಸು ಬಂತು. 400ರ ಫಿಲ್ಮ್‌ಗೆ ಒಳ್ಳೇ ಬಿಸಿಲಲ್ಲಿ ಅಷ್ಟೇ ಬರಬೇಕು. ಬ್ಯಾಟರಿ ಗುಂಡಿ ಒತ್ತಿದಾಗ ಮುಳ್ಳು ಕೆಂಪು ಪಟ್ಟಿಯನ್ನೂ ದಾಟಿ ಹೋಯಿತು. ‘ಸೆಲ್ ಹೊಸದು, ಜೋರಾಗಿದೆ’ ಅಂದರು. ನಾನು ನಂಬಿದೆ.

ಮುಳ್ಳು ಪಟ್ಟಿಯೊಳಗೇ ನಿಲ್ಲಬೇಕು. ದಾಟಿತು ಅಂದರೆ ಅದೇ ಎಚ್ಚರಿಕೆ. ಈ ಮೀಟರ್ ಮಾಡಿದ್ದು 1.35 ವೋಲ್ಟಿನ ಎರಡು ಪಾದರಸದ ಸೆಲ್‌ಗಳಿಗೆ, ಅಂದರೆ 2.7 ವೋಲ್ಟಿಗೆ. ಪಾದರಸ ವಿಷ ಅಂತ ಆ ಸೆಲ್‌ಗಳನ್ನು ಹೆಚ್ಚಿನ ಕಡೆ ನಿಲ್ಲಿಸಿದ್ದಾರೆ. ನನ್ನದರಲ್ಲಿ ಇದ್ದದ್ದು 1.5ರ ಆಲ್ಕಲೈನ್. ಎರಡು ಸೇರಿ 3 ವೋಲ್ಟ್. ವೋಲ್ಟ್ ಜಾಸ್ತಿಯಾದರೆ ಮೀಟರ್ ಇರುವುದಕ್ಕಿಂತ ಹೆಚ್ಚು ಬೆಳಕು ತೋರಿಸುತ್ತದೆ, ನಾವು ಫಿಲ್ಮ್‌ಗೆ ಕಡಿಮೆ ಬೆಳಕು ಕೊಡುತ್ತೇವೆ. ಸುಮ್ನೆ ಇಷ್ಟು ತಪ್ಪು ಅಂತ ಲೆಕ್ಕದಲ್ಲಿ ಕಳೆದರಾಯಿತು ಅನ್ನೋಣ ಅಂದರೆ ಅದೂ ಆಗುವುದಿಲ್ಲ. ಪಾದರಸದ ಸೆಲ್ ಕೊನೆಯವರೆಗೂ ಹೆಚ್ಚುಕಡಿಮೆ ಒಂದೇ ವೋಲ್ಟ್ ಕೊಡುತ್ತಿತ್ತು. ಆಲ್ಕಲೈನ್ ದಿನದಿನಕ್ಕೆ ಇಳಿಯುತ್ತದೆ. ತಪ್ಪು ಕೂಡ ದಿನಕ್ಕೊಂದು ಥರ.

ಮದುವೆ ದಿನ ಅಜ್ಜಿ ಕಿಟಕಿ ಪಕ್ಕ ಕೂತು, ಊರಿಂದ ತಂದ ಮಲ್ಲಿಗೆಯನ್ನು ತಂಗಿಗೆ ಮುಡಿಸುತ್ತಿದ್ದರು. ಮೀಟರ್ ಹೇಳಿದಂತೆಯೇ ತೆಗೆದೆ. ರೋಲ್ ತೊಳೆಸಿದಾಗ ಬೆಳಕು ಸಾಲದೆ ನೆಗೆಟಿವ್ ತೆಳ್ಳಗೆ, ಕಣ್ಣಿಗೆ ಕಾಣದಷ್ಟು. ಸ್ಕ್ಯಾನ್‌ನಲ್ಲಿ ಅಜ್ಜಿಯ ಸೀರೆ ಕೆಸರಿನ ಬಣ್ಣ, ಮುಖದ ತುಂಬ ಮರಳು ಚೆಲ್ಲಿದ ಹಾಗೆ.

ಆಮೇಲೆ ಗೆಳೆಯನ ಡಿಜಿಟಲ್ ಕ್ಯಾಮೆರಾ ಜೊತೆ ಮನೆಯ ಒಂದೇ ಗೋಡೆಗೆ ಹಿಡಿದು ನೋಡಿದೆ. ಕ್ಯಾಮೆರಾ ಎಫ್ 2.8ಕ್ಕೆ 1/60 ಅಂದರೆ, ಮೀಟರ್ ಎಫ್ 4ಕ್ಕೆ 1/125 ಅನ್ನುತ್ತಿತ್ತು. ಪೂರ್ತಿ ಎರಡು ಸ್ಟಾಪ್! ಒಂದು ಸ್ಟಾಪ್ ಕಡಿಮೆ ಅಂದರೆ ಅರ್ಧ ಬೆಳಕು, ಎರಡು ಅಂದರೆ ಕಾಲುಭಾಗ. ಬಿಸಿಲಲ್ಲಿ ಮಾತ್ರ ಅರ್ಧ ಸ್ಟಾಪ್ ವ್ಯತ್ಯಾಸ. ಈ ಮೀಟರ್‌ಗೆ ಜಾಸ್ತಿ ಬೆಳಕಿಗೆ ಒಂದು, ಕಡಿಮೆ ಬೆಳಕಿಗೆ ಒಂದು ಅಂತ ಎರಡು ಅಳತೆ ಇವೆ. ಅಂಗಡಿಯಲ್ಲಿ ನಾವು ನೋಡಿದ್ದು ಒಂದನ್ನೇ ಅಲ್ವಾ?

ಇನ್ನೊಂದು ವಿಷಯ. ಇದರೊಳಗೆ ಬೆಳಕು ನೋಡುವ ಕಣ್ಣು ಕ್ಯಾಡ್ಮಿಯಂ ಸಲ್ಫೈಡ್‌ನದು. ಬಿಸಿಲು ನೋಡಿದ ಮೇಲೆ ಮಬ್ಬಿಗೆ ಒಗ್ಗಲು ಅದಕ್ಕೆ ಸ್ವಲ್ಪ ಹೊತ್ತು ಬೇಕು. ನಾನೋ ಬಾಲ್ಕನಿಯಿಂದ ಒಳಗೆ ಓಡಿಬಂದು ತಕ್ಷಣ ಅಳೆಯುತ್ತಿದ್ದೆ. ಅದರಿಂದಲೂ ಒಂದಿಷ್ಟು ಕೆಟ್ಟಿರಬೇಕು.

ಕೊಳ್ಳುವುದಾದರೆ ಡಿಜಿಟಲ್ ಕ್ಯಾಮೆರಾ ಜೊತೆಗೆ ಒಯ್ಯಿರಿ. ಬಿಸಿಲು, ನೆರಳು, ಅಂಗಡಿಯ ಒಳಗಿನ ಮೂಲೆ, ಮೂರೂ ಕಡೆ ಬಣ್ಣವಿಲ್ಲದ ಗೋಡೆಗೆ ಹಿಡಿದು ಹೋಲಿಸಿ. ಎಲ್ಲ ಕಡೆ ಒಂದೇ ಅಷ್ಟು ತಪ್ಪಿದ್ದರೆ ಸರಿಮಾಡಿಕೊಳ್ಳಬಹುದು. ಒಂದೊಂದು ಕಡೆ ಒಂದೊಂದು ಥರ ಇದ್ದರೆ ಬಿಟ್ಟುಬನ್ನಿ. ಸೆಲ್ ತೆಗೆಸಿ ವೋಲ್ಟ್ ಓದಿ. ಕಿವಿಯ ಮಷೀನಿಗೆ ಹಾಕುವ 1.4 ವೋಲ್ಟಿನ 675 ಝಿಂಕ್ ಏರ್ ಸೆಲ್ ಹತ್ತಿರ ಬರುತ್ತದೆ, ಆದರೆ ಸ್ಟಿಕರ್ ಕಿತ್ತ ಮೇಲೆ ಜಾಸ್ತಿ ದಿನ ಬಾಳುವುದಿಲ್ಲ. ನಾನೂ ಅದನ್ನೇ ಹಾಕಿದೆ. ಮಬ್ಬು ಬೆಳಕಿನಲ್ಲಿ ಇನ್ನೂ ಒಂದು ಸ್ಟಾಪ್ ತಪ್ಪಿದೆ, ಅಂದರೆ ಕಣ್ಣೂ ಮುದಿಯಾಗಿರಬೇಕು.

ಮುಂದಿನ ತಿಂಗಳು ಕುಂದಾಪುರಕ್ಕೆ ಹೋಗುತ್ತಿದ್ದೇನೆ. ಮೀಟರ್ ಮನೆಯಲ್ಲೇ ಇರುತ್ತದೆ, ಗೆಳೆಯನ ಕ್ಯಾಮೆರಾ ಜೊತೆಗೆ ಬರುತ್ತದೆ.