ಜಮೀನು ನೋಂದಣಿ ಮಾಡಿಸಿದವರು ಓದಿ: ಆಧಾರ್ ಬೆರಳಚ್ಚನ್ನು ಇವತ್ತೇ ಲಾಕ್ ಮಾಡಿ

ಅಪ್ಪಯ್ಯನ ಪಾಸ್‌ಬುಕ್‌ನಲ್ಲಿ ಮೂರು ಸಾಲು ಇದ್ದವು. 10,000, 10,000, 8,500. ಮೂರರ ಮುಂದೆಯೂ ‘ಎಇಪಿಎಸ್’ ಎಂದು ಅಚ್ಚಾಗಿತ್ತು. ಹಳೇ ಅಡಿಕೆ ಮಾರಿ, ಕೊನೆ (ಅಡಿಕೆ ಗೊನೆ) ತೆಗೆಯುವವರ ಕೂಲಿಗೆಂದು ಇಟ್ಟಿದ್ದ ದುಡ್ಡು ಅದು. ಹೋಗಿ ಮೂರು ವಾರವಾದ ಮೇಲೆ ನಮಗೆ ಗೊತ್ತಾಯಿತು.

ಬ್ಯಾಂಕಿನವರು ಕಂಪ್ಯೂಟರ್ ನೋಡಿ, “ನೀವೇ ಹೆಬ್ಬೆಟ್ಟು ಕೊಟ್ಟು ತಗೊಂಡಿದೀರಿ ಯಜಮಾನ್ರೇ, ಸಕ್ಸಸ್ ಅಂತಿದೆ” ಅಂದರು. ಅಪ್ಪಯ್ಯ ಮಾತಾಡದೆ ಎಡಗೈ ಹೆಬ್ಬೆರಳನ್ನು ಮುಂದೆ ಚಾಚಿದರು. ಐವತ್ತು ವರ್ಷ ಅಡಿಕೆ ಸುಲಿದು ಸೀಳು ಬಿಟ್ಟ, ಚೊಗರು ಹತ್ತಿ ಕಪ್ಪಾದ ಬೆರಳು. ರೇಷನ್ ಅಂಗಡಿಯ ಮೆಷಿನ್ನಿಗೆ ಅದು ಒಂದೇ ಸಲಕ್ಕೆ ಹಿಡಿದದ್ದೇ ಇಲ್ಲ; ಒರೆಸಿ, ಒತ್ತಿ, ಮತ್ತೆ ಒರೆಸಿ ನಾಲ್ಕನೇ ಸಲಕ್ಕೆ ಅಕ್ಕಿ ಸಿಗುತ್ತಿತ್ತು. ಕಳ್ಳರು ಮಾಡಿಕೊಂಡ ನಕಲಿ ಹೆಬ್ಬೆಟ್ಟು ಮಾತ್ರ ಮೂರು ಸಲವೂ ಸಲೀಸಾಗಿ ಹಿಡಿದಿತ್ತು.

ಹಿಂದಿನದು ಹೇಳುತ್ತೇನೆ. ಅದಕ್ಕೆ ನಾಲ್ಕು ತಿಂಗಳ ಮೊದಲು ಅಪ್ಪಯ್ಯ, ಚಿಕ್ಕಪ್ಪ ತೋಟದ ವಿಭಾಗ ಪತ್ರ ನೋಂದಣಿ ಮಾಡಿಸಿದ್ದರು. ಪತ್ರ ಬರೆಯುವವರು ಎಲ್ಲರ ಆಧಾರ್ ಕಾರ್ಡಿನ ಹಿಂದೆ ಮುಂದೆ ಫೋಟೋ ತೆಗೆದು ವಾಟ್ಸಾಪ್ ಮಾಡಿ ಅಂದರು. ನಾನೇ ಕಳಿಸಿದೆ. ಪತ್ರದಲ್ಲಿ ಹೆಬ್ಬೆಟ್ಟಿನ ಗುರುತು, ಜೊತೆಗೆ ಆಧಾರ್ ನಂಬರು. ಅಂಥ ಪತ್ರದ ಒಂದು ಸ್ಕ್ಯಾನ್ ಪ್ರತಿ ಸಿಕ್ಕರೆ ಸಾಕು, ಗುರುತನ್ನು ರಬ್ಬರಿನ ಮೇಲೆ ಅಚ್ಚು ಹಾಕುತ್ತಾರೆ. ಎಇಪಿಎಸ್ ಅಂದರೆ ಆಧಾರ್ ಮೇಲೆ ದುಡ್ಡು ತೆಗೆಯುವ ವ್ಯವಸ್ಥೆ. ಅದಕ್ಕೆ ಬೇಕಾದ್ದು ಬ್ಯಾಂಕಿನ ಹೆಸರು, ಆಧಾರ್ ನಂಬರು, ಬೆರಳು. ಒಟಿಪಿ ಕೇಳುವುದಿಲ್ಲ, ಪಿನ್ ಇಲ್ಲ. ಬ್ಯಾಂಕ್ ದೂರವಿರುವ ಹಳ್ಳಿಗಳಲ್ಲಿ ಪಿಂಚಣಿ, ನರೇಗಾ ಕೂಲಿ ಮನೆ ಹತ್ತಿರವೇ ಸಿಗಲಿ ಎಂದು ಮಾಡಿದ್ದು, ಅದರಿಂದ ಎಷ್ಟೋ ಜನಕ್ಕೆ ಅನುಕೂಲವೂ ಆಗಿದೆ. ಆದರೆ ಖಾತೆಗೆ ಆಧಾರ್ ಜೋಡಿಸಿದ ಹೆಚ್ಚಿನವರಿಗೆ ಈ ಸೌಲಭ್ಯ ತಾನಾಗಿಯೇ ಚಾಲೂ ಆಗಿರುತ್ತದೆ ಅನ್ನುವುದನ್ನು ಅಪ್ಪಯ್ಯನಿಗೆ ಯಾರೂ ಹೇಳಿರಲಿಲ್ಲ. ನನಗೂ ಗೊತ್ತಿರಲಿಲ್ಲ. 2023ರಲ್ಲಿ ಬೆಂಗಳೂರು, ಮಂಗಳೂರಿನಲ್ಲಿ ನೋಂದಣಿ ಮಾಡಿಸಿದವರ ಖಾತೆಗಳಿಂದ ಹೀಗೇ ಹಣ ಹೋದ ದೂರುಗಳು ಸಾಲುಸಾಲಾಗಿ ಬಂದಿದ್ದವು. ಪೇಪರಿನಲ್ಲಿ ಓದಿ ಪುಟ ತಿರುಗಿಸಿದ್ದೆ.

ಖಾತೆಗೆ ಆಧಾರ್ ಜೋಡಿಸದಿದ್ದರೆ ಖಾತೆ ನಿಲ್ಲುತ್ತದೆ ಎಂದು 2017ರಲ್ಲಿ ಮೆಸೇಜು ಮೇಲೆ ಮೆಸೇಜು ಬರುತ್ತಿದ್ದಾಗ ಅಪ್ಪಯ್ಯ ಅರ್ಧ ದಿನ ಸಾಲಿನಲ್ಲಿ ನಿಂತು ಜೋಡಿಸಿ ಬಂದಿದ್ದರು. ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ದಾವೆಯಲ್ಲಿ, ಅದೇ ವರ್ಷದ ಆಗಸ್ಟ್ 24ರಂದು, ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂದರು. 2018ರ ಸೆಪ್ಟೆಂಬರ್ 26ರಂದು ಬ್ಯಾಂಕ್ ಖಾತೆಗೆ ಆಧಾರ್ ಕಡ್ಡಾಯವಲ್ಲ ಎಂಬ ತೀರ್ಪೂ ಬಂತು. ಜೋಡಿಸಿ ಎಂದು ಹತ್ತು ಮೆಸೇಜು ಬಂದಿದ್ದವು, ಬೇಡದಿದ್ದರೆ ತೆಗೆಸಬಹುದು ಎಂದು ಒಂದೂ ಬರಲಿಲ್ಲ. 2023ರಲ್ಲಿ ದತ್ತಾಂಶ ರಕ್ಷಣೆಗೆಂದೇ ಕಾಯ್ದೆಯಾಯಿತು, ದಂಡ 250 ಕೋಟಿ ರೂಪಾಯಿವರೆಗೂ ಇದೆ. ಆ ದಂಡ ಸರ್ಕಾರದ ಖಜಾನೆಗೆ ಹೋಗುತ್ತದೆ, ಕಳಕೊಂಡವರ ಕೈಗೆ ಬರುವುದಿಲ್ಲ. ಇದು ಅನ್ಯಾಯ ಎಂದು ನನ್ನ ಅಭಿಪ್ರಾಯ.

ನಮ್ಮದೂ ಒಂದು ತಪ್ಪಿತ್ತು. ಖಾತೆಗೂ ಆಧಾರಿಗೂ ಕೊಟ್ಟಿದ್ದು ಎಂದೋ ಬಿಟ್ಟುಹೋದ ಹಳೇ ಸಿಮ್ಮಿನ ನಂಬರು. ಹಾಗಾಗಿ ಎಸ್ಸೆಮ್ಮೆಸ್ ಬರಲೇ ಇಲ್ಲ. ಆಧಾರ್ ಕೇಂದ್ರಕ್ಕೆ ಹೋಗಿ ಮೊದಲು ನಂಬರು ಬದಲಾಯಿಸಿದೆವು. ಆಮೇಲೆ ಆಧಾರ್ ಜಾಲತಾಣದಲ್ಲಿ ದೃಢೀಕರಣದ ಇತಿಹಾಸ ತೆಗೆದೆವು. ಆರು ತಿಂಗಳಲ್ಲಿ ಆ ಆಧಾರ್ ಎಲ್ಲೆಲ್ಲಿ ಬಳಕೆಯಾಯಿತು ಎಂದು ತಾರೀಕು, ಗಂಟೆ ಸಮೇತ ಅಲ್ಲಿ ಸಿಗುತ್ತದೆ. ಎರಡನೇ ಸಲ ದುಡ್ಡು ತೆಗೆದ ಮಧ್ಯಾಹ್ನ ಅಪ್ಪಯ್ಯ ಕಣ್ಣಿನ ಪೊರೆ ಆಪರೇಷನ್ ಆಗಿ ಆಸ್ಪತ್ರೆಯಲ್ಲಿ ಮಲಗಿದ್ದರು. ಆ ಡಿಸ್ಚಾರ್ಜ್ ಚೀಟಿಯೇ ನಮ್ಮ ಸಾಕ್ಷಿಯಾಯಿತು.

ದುಡ್ಡು ಹೋದದ್ದು ಗೊತ್ತಾದ ಗಳಿಗೆಯಲ್ಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೆ ಬರಹದಲ್ಲೇ ದೂರು ಕೊಟ್ಟು ಸ್ವೀಕೃತಿ ತಗೊಳ್ಳಿ. ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕನದೂ ಅಲ್ಲ ಎಂದಾದಾಗ, ಬ್ಯಾಂಕಿನಿಂದ ಮಾಹಿತಿ ಬಂದ ಮೂರು ಕೆಲಸದ ದಿನದೊಳಗೆ ತಿಳಿಸಿದರೆ ಗ್ರಾಹಕನಿಗೆ ನಷ್ಟವಿಲ್ಲ ಎಂದು ರಿಸರ್ವ್ ಬ್ಯಾಂಕ್ 2017ರ ಜುಲೈ 6ರ ಸುತ್ತೋಲೆಯಲ್ಲಿ ಹೇಳಿದೆ. ಗ್ರಾಹಕನದೇ ತಪ್ಪು ಎಂದು ತೋರಿಸುವ ಹೊಣೆ ಬ್ಯಾಂಕಿನದು ಎಂದೂ ಅದರಲ್ಲಿದೆ. ನಾವು ಆ ಸಾಲಿಗೆ ಕೆಳಗೆರೆ ಹಾಕಿ ಕೊಟ್ಟೆವು. ಮೂವತ್ತು ದಿನ ಉತ್ತರವಿಲ್ಲ. ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಹಾಕಿದ ಮೇಲೆ, ಒಟ್ಟು ಐದು ತಿಂಗಳಿಗೆ ದುಡ್ಡು ವಾಪಸ್ ಬಂತು. ಆ ವರ್ಷದ ಕೂಲಿಯನ್ನು ಕೈಸಾಲ ಮಾಡಿ ಕೊಟ್ಟಿದ್ದೆವು.

ದುಡ್ಡು ಬಂದ ದಿನವೂ ಅಪ್ಪಯ್ಯ ಕೇಳಿದ್ದು, “ಈ ಬೆರಳನ್ನ ಇನ್ನೆಂತ ಮಾಡೂದು ಮಗಾ?” ಎಂದು.

ಲಾಕ್ ಮಾಡುವುದು. ಆಧಾರಿನ ಅಧಿಕೃತ ಆ್ಯಪಿನಲ್ಲಿ ಬಯೋಮೆಟ್ರಿಕ್ ಲಾಕ್ ಅಂತ ಇದೆ, ದುಡ್ಡು ಕೊಡಬೇಕಿಲ್ಲ. ಆಧಾರಿಗೆ ಜೋಡಿಸಿದ ನಂಬರು ಚಾಲ್ತಿಯಲ್ಲಿರಬೇಕು, ಅಷ್ಟೇ. ಬೇಕಾದಾಗ ಸ್ವಲ್ಪ ಹೊತ್ತಿಗೆ ತೆರೆಯಬಹುದು. ಬೆರಳು ಬೇಕಿಲ್ಲದ ಕಡೆ, ನಂಬರಿನ ಕೊನೆಯ ನಾಲ್ಕಂಕಿ ಮಾತ್ರ ಕಾಣುವ ಮಾಸ್ಕ್ ಆದ ಆಧಾರ್ ಕೊಡಿ. ಈಗ ತಿಂಗಳಿಗೊಮ್ಮೆ ಅಪ್ಪಯ್ಯ ರೇಷನ್ ಅಂಗಡಿಯಿಂದ ಫೋನ್ ಮಾಡುತ್ತಾರೆ, ನಾನು ಬೆಂಗಳೂರಿನಲ್ಲಿ ಕೂತು ಲಾಕ್ ತೆಗೆಯುತ್ತೇನೆ, ಅಕ್ಕಿ ಸಿಕ್ಕಿತು ಅಂದ ಮೇಲೆ ಮತ್ತೆ ಹಾಕುತ್ತೇನೆ.

ಚಿಕ್ಕಪ್ಪ ವರ್ಷದಿಂದ ಪಾಸ್‌ಬುಕ್ ಎಂಟ್ರಿ ಮಾಡಿಸಿರಲಿಲ್ಲ. ಮಾಡಿಸಿದಾಗ ಅವರದರಲ್ಲೂ 10,000ದ ಒಂದು ಸಾಲು ಇತ್ತು, ಅಪ್ಪಯ್ಯನ ಮೊದಲ ಸಾಲಿನ ಮರುದಿನದ್ದು. ದೂರು ಕೊಡುವಷ್ಟರಲ್ಲಿ ತಿಂಗಳುಗಳು ಕಳೆದಿದ್ದವು. ಅದು ಇನ್ನೂ ಬಂದಿಲ್ಲ.